ಪುಟ್ಟತಾಯಮ್ಮನವರ ಜಗಲಿ ಗೋಡೆ

ಬೆಂಗಳೂರಿಗೆ ಬಂದ ಮರುದಿನ ಕೆಲಸ ಹುಡುಕಲು ಹೊರಟವನು ಮನೆಯೊಡತಿಗೆ, "ಹೊಳ್ಳಿ ಬರ್ತೀನ್ರಿ" ಎಂದೆ. ಆಕೆ ಗಾಬರಿಯಿಂದ ನನ್ನ ಮುಖ ನೋಡಿ, "ಹೊಳ್ಳೆಗೆ ಏನಾಯ್ತಪ್ಪಾ? ರಕ್ತ ಬರ್ತೈತಾ?" ಎಂದರು. ನಮ್ಮ ಕಡೆ ಹೊಳ್ಳಿ ಎಂದರೆ ತಿರುಗಿ. ಅವರಿಗೆ ಕೇಳಿಸಿದ್ದು ಮೂಗಿನ ಹೊಳ್ಳೆ. ಗದಗ, ಬೆಂಗಳೂರು ಒಂದೇ ರಾಜ್ಯಕ್ಕೆ ಸೇರಿ ಆಗಿನ್ನೂ ಹೆಚ್ಚು ಕಾಲವಾಗಿರಲಿಲ್ಲ. ಕನ್ನಡದ ಊರಿಗೆ ಬಂದು ಕನ್ನಡವನ್ನೇ ಹೊಸದಾಗಿ ಕಲಿಯಬೇಕಾದೀತೆಂದು ನಾನು ಎಣಿಸಿರಲಿಲ್ಲ.

ಗದಗಿನಲ್ಲಿ ನಾನು ನಾಟಕ ಕಂಪನಿಯೊಂದಕ್ಕೆ ಪರದೆ ಬರೆಯುತ್ತಿದ್ದೆ. ಒಂದು ಪರದೆಗೆ ನಾಲ್ಕಾರು ಮಂದಿ ಕೈ ಹಾಕುತ್ತಿದ್ದೆವು. ಕಂಬ ಒಬ್ಬರದು, ಗಿಡಬಳ್ಳಿ ಇನ್ನೊಬ್ಬರದು, ಆಕಾಶ ನನ್ನದು. ಕೆಳಗೆ ಯಾರ ಹೆಸರೂ ಇರುತ್ತಿರಲಿಲ್ಲ. ಕಂಪನಿ ಮುಚ್ಚಿದಾಗ, ಇನ್ನು ನನ್ನದೇ ಚಿತ್ರ, ನನ್ನದೇ ಹೆಸರು ಎಂದು ನಿಶ್ಚಯಿಸಿ ರೈಲು ಹತ್ತಿದ್ದೆ.

ಬಾಡಿಗೆಗೆ ಸಿಕ್ಕಿದ್ದು ಜಯನಗರದಲ್ಲಿ, ಪುಟ್ಟತಾಯಮ್ಮನವರ ಹಿತ್ತಿಲ ಕೋಣೆ. ಅವರ ರಾಗಿ ಹೊಲದ ಮೇಲೆಯೇ ಬಡಾವಣೆ ಎದ್ದಿತ್ತು. ನಮ್ಮಲ್ಲಿ ಓಣಿಗೆ ಮನೆತನದ ಹೆಸರು. ಇಲ್ಲಿ ರಸ್ತೆಗೆ ಬರೀ ನಂಬರು. ಅಲ್ಲಿ ಬಾಗಿಲು ತೆರೆದರೆ ಎದುರುಮನೆಯ ಒಲೆ ಕಾಣುತ್ತಿತ್ತು; ಇಲ್ಲಿ ಕಾಣುವುದು ಖಾಲಿ ಸೈಟುಗಳು. ಜೋಳದ ರೊಟ್ಟಿಯ ನಾಲಿಗೆಗೆ ಮುದ್ದೆ ಒಗ್ಗಲಿಲ್ಲ. ಅಗಿಯಹೋಗಿ ನಗೆಪಾಟಲಾದೆ. "ಅಗೀಬಾರ್ದು ಕಣಪ್ಪ, ನುಂಗ್ಬೇಕು" ಎಂದು ಪುಟ್ಟತಾಯಮ್ಮ ಕಲಿಸಿದರು. ಹಗಲು ಅಂಗಡಿಗಳ ಬೋರ್ಡು ಬರೆದು ಬಂದರೆ, ಸಂಜೆ ಮಾತಿಗೆ ಅವರೊಬ್ಬರೇ. ಜಗಲಿಯಲ್ಲಿ ಕೂತು ತಮ್ಮ ಹೋದ ಹೊಲ, ಅದರ ಪಕ್ಕದ ಕೆರೆ, ಕೆರೆಯ ಏರಿಯ ಸುದ್ದಿ ಹೇಳುತ್ತಿದ್ದರು.

ಎರಡನೇ ವರ್ಷ ಅವರ ಮಗಳ ಮದುವೆ ಗೊತ್ತಾಯಿತು. "ಜಗಲಿ ಗೋಡೆ ಪೂರ್ತಿ ನಿಂದೇ. ಏನಾರ ಚೆಂದಾಗಿ ಬರಿ" ಎಂದರು. ಚೆನ್ನಾಗಿ ಬಂದರೆ ಈ ಊರಿನಲ್ಲಿ ನನಗೊಂದು ಹೆಸರು. ಹೊಲ, ಕೆರೆ, ಏರಿಯ ಮೇಲೆ ಬರುವ ದಿಬ್ಬಣ, ಎಲ್ಲವನ್ನೂ ಮನಸ್ಸಿಟ್ಟು ಬರೆಯತೊಡಗಿದೆ. ಅರ್ಧ ಮುಗಿಯುವಷ್ಟರಲ್ಲಿ ಕಾಮಾಲೆ ಹಿಡಿದು ಮಲಗಿದೆ. ಪುಟ್ಟತಾಯಮ್ಮ ಹೊತ್ತುಹೊತ್ತಿಗೆ ಗಂಜಿ ಕುಡಿಸಿದರು. ಪಕ್ಕದ ತಮಿಳು ಮನೆಯ ಸರೋಜಮ್ಮ ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕದಡಿ ಕೊಟ್ಟರು.

ಎದ್ದು ಹೊರಗೆ ಬಂದ ದಿನ ನೋಡುತ್ತೇನೆ, ಗೋಡೆ ತುಂಬಿದೆ. ಮದುವೆ ಹತ್ತಿರ ಬಂತೆಂದು ಹೆಂಗಸರೇ ಕೈಯಾಡಿಸಿದ್ದರು. ನನ್ನ ಕೆರೆಯ ನೀರಿನಲ್ಲಿ ಸರೋಜಮ್ಮನ ಚುಕ್ಕಿ ರಂಗೋಲಿ. ದಿಬ್ಬಣದ ಹಿಂದೆ ಮದುಮಗಳೇ ಬರೆದ, ಕುದುರೆಯೋ ಹಸುವೋ ತಿಳಿಯದ ಒಂದು ಪ್ರಾಣಿ. ಮೈಯೆಲ್ಲ ಉರಿದುಹೋಯಿತು. ಸುಣ್ಣದ ಬಕೆಟ್ಟು ತಂದೆ.

"ಇದನ್ನ ಅಳಿಸ್ತೀನ್ರಿ. ಇದು ನನ್ನ ಚಿತ್ರ ಅಲ್ರಿ."

"ಅಳಿಸು, ಬ್ಯಾಡ ಅನ್ನಲ್ಲ," ಎಂದರು ಪುಟ್ಟತಾಯಮ್ಮ. "ಆ ಹೊಲ ನಮ್ದು. ನಮ್ಮ ಹೊಲ ನೀನ್ಯಾಕೆ ಬರ್ದೆ ಅಂತ ನಾನು ಕೇಳಿದ್ನಾ?"

ಆ ಹೊಲವನ್ನು ನಾನು ಕಂಡೇ ಇರಲಿಲ್ಲ. ಅವರ ಮಾತಿನಿಂದ ನನ್ನ ಕುಂಚಕ್ಕೆ ಇಳಿದಿತ್ತು. ನೀಲಿಯನ್ನು ತೆಳುವಾಗಿ ಎಳೆಯುವ ಬಗೆ ಗದಗಿನ ನನ್ನ ಗುರುಗಳದು. ಕುಂಚ ಹಿಡಿಯುವ ಬಲ ಕೈಗೆ ಮರಳಿದ್ದು ಇವರ ಗಂಜಿಯಿಂದ. ಇದರಲ್ಲಿ ನನ್ನದೊಂದೇ ಎನ್ನುವುದನ್ನು ಎಲ್ಲಿಂದ ಕತ್ತರಿಸಿ ತೆಗೆಯಲಿ? ಬಕೆಟ್ಟು ಕೆಳಗಿಟ್ಟು, ಆ ಪ್ರಾಣಿಯ ಕಾಲಡಿಗೆ ಒಂದಿಷ್ಟು ನೆರಳು ಹಾಕಿದೆ. ತೇಲುತ್ತಿದ್ದುದು ನೆಲದ ಮೇಲೆ ನಿಂತಿತು. ಮದುಮಗಳು ಚಪ್ಪಾಳೆ ತಟ್ಟಿದಳು.

ಮದುವೆಗೆ ಬಂದಿದ್ದ ಬನಶಂಕರಿ ಕಡೆಯವರೊಬ್ಬರು ತಮ್ಮ ಮನೆಗೂ ಕರೆದರು. "ಹಿಂಗೇ ಬೇಕು, ಆ ಪ್ರಾಣಿನೂ ಇರ್ಲಿ" ಎಂದರು. ನಾನು ಅದನ್ನು ನಕಲು ಮಾಡಲಿಲ್ಲ. ಆ ಮನೆಯವರ ಕೈಗೇ ಕುಂಚ ಕೊಟ್ಟೆ. ಅಂದಿನಿಂದ ನನ್ನ ಕೆಲಸದ ಕ್ರಮ ಅದೇ. ಮೊದಲು ಕೂತು ಕೇಳುತ್ತೇನೆ, ಆಮೇಲೆ ಬರೆಯುತ್ತೇನೆ, ಒಂದಿಷ್ಟು ಜಾಗ ಬಿಡುತ್ತೇನೆ. ಬಿಟ್ಟ ಜಾಗ ಕೆಲವೊಮ್ಮೆ ಕೆಟ್ಟೂ ಹೋಗುತ್ತದೆ. ಹೆಸರಿನ ಹಟ ಪೂರ್ತಿ ಬಿಟ್ಟಿಲ್ಲ. ಮೂಲೆಯಲ್ಲಿ, ಅವರ ಹೆಸರುಗಳ ನಡುವೆ, ಸಣ್ಣದಾಗಿ ಹಾಕುತ್ತೇನೆ.

ಕಳೆದ ದೀಪಾವಳಿಗೆ ಗದಗಕ್ಕೆ ಹೋಗಿದ್ದೆ. ಅಣ್ಣನ ಮನೆಯ ಪಡಸಾಲೆಯಲ್ಲಿ ಚಿತ್ರ ಬರೆಯುವಾಗ ಕೈ ತಾನಾಗಿ ರಾಗಿ ತೆನೆ ಬರೆಯಿತು. ಅತ್ತಿಗೆ ನೋಡಿ, "ಇದೇನ್ರೀ, ಬೆರಳು ಮಡಚಿದಂಗ ಐತಿ? ನಿಮ್ಮೂರಾಗ ಇದನ್ನ ಬೆಳೀತಾರೇನು?" ಎಂದರು. ಹುಟ್ಟಿದ ಮನೆಯಲ್ಲಿ ನಿಂತು ಕೇಳಿದ ಮಾತು. ಹೌದೆಂದೆ.

ವಾರ ಕಳೆದು ಜಯನಗರಕ್ಕೆ ಬಂದು ಗೇಟಿನ ಚಿಲಕ ತೆಗೆಯುತ್ತಿದ್ದಂತೆ ಪುಟ್ಟತಾಯಮ್ಮ ಒಳಗಿನಿಂದಲೇ ಕೂಗಿದರು: "ಬಂದ್ಯಾ? ನಿಮ್ಮೂರಲ್ಲಿ ಎಲ್ಲಾ ಚೆನ್ನಾಗವ್ರಾ?"

"ಚಲೋ ಅದಾರ್ರಿ" ಎಂದೆ. ಅಲ್ಲಿ ನಿಮ್ಮೂರು ಎಂದರೆ ಇದು, ಇಲ್ಲಿ ನಿಮ್ಮೂರು ಎಂದರೆ ಅದು ಎಂದುಕೊಳ್ಳುತ್ತ ಚೀಲವನ್ನು ಜಗಲಿಯ ಮೇಲೆ ಇಳಿಸಿದೆ.