ಸೊಪ್ಪು ತೆಳ್ಳಗೆ ಹಾಕುವ ಇಂಗ್ಲಿಷು

ನಮ್ಮ ಮನೆಯಲ್ಲಿ ಮಾತ್ರೆ ನುಂಗುವುದಕ್ಕೆ ಒಂದು ಪದ್ಧತಿಯಿದೆ. ನೋವು ಇರುವಷ್ಟು ದಿನ ನುಂಗುವುದು, ನೋವು ಹೋದ ದಿನ ಉಳಿದದ್ದನ್ನು ಡಬ್ಬಿಗೆ ಹಾಕುವುದು. ಆ ಡಬ್ಬಿಯೇ ನಮ್ಮ ಬೀದಿಯ ಆಸ್ಪತ್ರೆ. ಯಾರಿಗೆ ಮಂಡಿ ನೋವೆಂದರೂ ಅವ್ವ ಅದರೊಳಗೆ ಕೈಯಾಡಿಸಿ, ಬಣ್ಣ ನೋಡಿ ಒಂದು ಮಾತ್ರೆ ಕೊಡುತ್ತಾಳೆ. ಇದುವರೆಗೆ ಯಾರೂ ಸತ್ತಿಲ್ಲ ಎನ್ನುವುದೇ ಅವಳ ಸರ್ಟಿಫಿಕೇಟು.

ಹೋದ ವರ್ಷ ಅವಳದೇ ಬೆರಳ ಗಂಟುಗಳು ಊದಿಕೊಂಡು, ಹಿಪ್ಪುನೇರಳೆ ಸೊಪ್ಪು ಬಿಡಿಸುವುದಕ್ಕೂ ಆಗದಂತಾಯಿತು. ಸಾತನೂರಿನಿಂದ ಬಸ್ಸು ಹತ್ತಿ ಕನಕಪುರಕ್ಕೆ ಹೋಗಿ ತೋರಿಸಿದೆವು. ಎರಡು ತಿಂಗಳು ಮಾತ್ರೆ ನುಂಗಿದ ಮೇಲೆ ಊತ ಇಳಿಯಿತು. ಆಗ ಡಾಕ್ಟರಮ್ಮ ಇರುವೆ ಹರಿದಾಡಿದಂತೆ ಒಂದು ಚೀಟಿ ಬರೆದು ನನ್ನ ಕಡೆ ತಿರುಗಿ, “ಇನ್ಮೇಲೆ ಟೇಪರ್ ಮಾಡಿ, ಮರೀಬೇಡಿ” ಎಂದರು.

ನಾನು ಡಿಗ್ರಿ ಮಾಡಿದವನು. ಬಾಗಿಲಲ್ಲಿ ನಮ್ಮೂರಿನವರೇ ನಾಲ್ಕು ಜನ ನಿಂತಿದ್ದರು. ಅವರೆದುರು ‘ಹಾಗೆಂದರೇನು’ ಎಂದು ಕೇಳಿ ಡಿಗ್ರಿಯ ಮಾನ ಕಳೆಯಲೇ? ಬಲು ಗಂಭೀರವಾಗಿ ತಲೆಯಾಡಿಸಿದೆ.

ಬಸ್ಸಿನಲ್ಲಿ ಅವ್ವ ಕೇಳಿದಳು. “ಏನಂದ್ರು ಕಣ್ಲಾ?”

“ಮಾತ್ರೆ ಕಮ್ಮಿ ಮಾಡ್ಬೇಕಂತೆ,” ಎಂದು ಊಹೆಯ ಮೇಲೆ ಹೇಳಿದೆ.

“ಎಷ್ಟು?”

“ಕಮ್ಮಿ.”

“ಅಂಗಾದ್ರೆ ವಾಸಿ ಆಗೈತೆ ಅಂತ ತಾನೆ? ಬುಟ್ಟೇಬುಡಾದು!”

ಮನೆಗೆ ಬಂದವಳೇ ಮಾತ್ರೆಗಳನ್ನು ಡಬ್ಬಿಗೆ ಸೇರಿಸಿದಳು. ಅಕ್ಕಪಕ್ಕದ ಮಂಡಿಗಳ ಪುಣ್ಯ, ಅಷ್ಟರಲ್ಲಿ ಯಾರೂ ಕೇಳಿಕೊಂಡು ಬರಲಿಲ್ಲ.

ಐದನೆಯ ದಿನ ರೇಷ್ಮೆ ಹುಳು ಸಾಕುವ ಮನೆಗೆ ಹೋದ ಅವ್ವ ಬಹಳ ಹೊತ್ತಾದರೂ ಹೊರಗೆ ಬರಲಿಲ್ಲ. ನೋಡಿದರೆ, ಸೊಪ್ಪಿನ ಕುಕ್ಕೆಯನ್ನು ತಬ್ಬಿಕೊಂಡು ನೆಲಕ್ಕೆ ಕೂತಿದ್ದಾಳೆ. ಮೈಯೆಲ್ಲ ಬೆವರು, ಏಳಲು ಕಾಲಿಗೆ ಬಲವಿಲ್ಲ. ಆಟೋದಲ್ಲಿ ಕನಕಪುರ ಮುಟ್ಟುವವರೆಗೂ ನಾನು ಅವಳ ಕೈ ಬಿಡಲಿಲ್ಲ. ನನ್ನ ಡಿಗ್ರಿ ಆ ಹೊತ್ತಿನಲ್ಲಿ ಎಲ್ಲಿತ್ತೋ.

ಡ್ರಿಪ್ ಹಾಕಿಸಿದ ಮೇಲೆ ಡಾಕ್ಟರಮ್ಮ ನನ್ನತ್ತ ತಿರುಗಿದರು. “ಇದು ಸ್ಟೀರಾಯ್ಡ್ ಮಾತ್ರೆ, ಒಂದೇ ಸಲ ನಿಲ್ಲಿಸಿದ್ರೆ ಜೀವಕ್ಕೇ ಅಪಾಯ. ಟೇಪರ್ ಮಾಡಿ ಅಂತ ಹೇಳಿರ್ಲಿಲ್ವಾ?”

ಅಭ್ಯಾಸಬಲ, ಮತ್ತೆ ತಲೆಯಾಡಿಸಿದೆ.

ಹಾಸಿಗೆಯಿಂದ ಸಣ್ಣ ದನಿ ಬಂತು. “ತಾಯಿ, ಅಂಗಂದ್ರೇನು ಅಂತ ಈಗ್ಲಾದ್ರೂ ಒಸಿ ಬುಡಿಸಿ ಯೋಳು. ನಮ್ಮವ್ನು ಭಾಳ ಓದ್ಬುಟ್ಟವ್ನೆ, ಕೇಳಾಕೆ ನಾಚ್ಕೆ.”

ಡಾಕ್ಟರಮ್ಮ ನಾಲ್ಕು ಬೆರಳು ಎತ್ತಿ ತೋರಿಸಿದರು. ಒಂದು ವಾರ ದಿನಕ್ಕೆ ನಾಲ್ಕು ಮಾತ್ರೆ, ಆಮೇಲಿನ ವಾರ ಮೂರು, ಎರಡು, ಒಂದು, ಕೊನೆಗೆ ಅರ್ಧ.

“ಇಷ್ಟೇಯಾ?” ಎಂದಳು ಅವ್ವ. “ಹುಳ ಜ್ವರಕ್ಕೆ ಕೂರೋವಾಗ ಮಾಡಾದೇ ಇದು! ಸೊಪ್ಪ ತೆಳ್ಳಗೆ ಮಾಡ್ಕಂಡು, ಮಾಡ್ಕಂಡು ನಿಲ್ಸಾದು. ಗಪ್ಪಂತ ನಿಲ್ಸುದ್ರೆ ಹಿಂದುಳಿದ ಹುಳ ಉಪಾಸ ಸಾಯ್ತವೆ.”

ಜ್ವರವೆಂದರೆ ರೋಗವಲ್ಲ, ರೇಷ್ಮೆ ಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು ಸುಮ್ಮನೆ ಕೂರುವುದು ಎಂದು ಡಾಕ್ಟರಮ್ಮನಿಗೆ ವಿವರಿಸುವ ಕೆಲಸವೊಂದು ನನಗೆ ಉಳಿದಿತ್ತು. ಅವರು ಕೇಳಿಸಿಕೊಂಡು ತಲೆಯಾಡಿಸಿದರು. ನಿಜವಾಗಿ ಅರ್ಥವಾಗಿತ್ತೆಂದು ಕಾಣುತ್ತದೆ.

ಆ ಸಲ ಅವ್ವ ಒಂದು ದಿನವೂ ತಪ್ಪಲಿಲ್ಲ. ಕೊನೆಯ ವಾರ ಸೊಪ್ಪು ಹೆಚ್ಚುವ ಕತ್ತಿಯಲ್ಲೇ ಮಾತ್ರೆಯನ್ನು ಅರ್ಧ ಮಾಡಿ ನುಂಗಿದಳು. ಈಗ ತೋಟಕ್ಕೆ ಹೋಗಿ ಸೊಪ್ಪು ಬಿಡಿಸುತ್ತಾಳೆ, ಹೋಗುವಾಗ ನನಗೊಂದು ಬುದ್ಧಿಮಾತನ್ನೂ ಬಿಟ್ಟು ಹೋಗುತ್ತಾಳೆ.

“ನಿನ್ ತಲೆ ಆಡ್ಸಾದ್ನೂ ಒಸಿ ಟೇಪರ್ ಮಾಡ್ಲಾ ಮಗ. ಒಂದೇ ಸಲ ನಿಲ್ಸ್ಬುಡ್ಬ್ಯಾಡ, ಕತ್ತು ಹಿಡ್ಕಂಡಾತು.”