ಕಾಲೆಟುಕದ ಬೈಕಿನ ಮುಂದಾಳು

ಪಂಪಾವತಿಯ ಕಾಲು ನೆಲಕ್ಕೆ ಎಟುಕುವುದಿಲ್ಲ. ಅವರು ಓಡಿಸುವ ಬೈಕಿನ ಸೀಟು ಅವರ ಸೊಂಟಕ್ಕಿಂತ ಮೇಲಿದೆ. ಹತ್ತಿ ಕುಳಿತರೆ ಎರಡೂ ಬೂಟುಗಳು ಗಾಳಿಯಲ್ಲಿ ನೇತಾಡುತ್ತವೆ. ಬೈಕಿನ ತೂಕ ಎರಡು ಕ್ವಿಂಟಲ್ ದಾಟುತ್ತದೆ. ಪಂಪಾವತಿಯ ತೂಕ ಅದರ ಕಾಲುಭಾಗವೂ ಇಲ್ಲ.

ಶನಿವಾರ, ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹೊಸಪೇಟೆಯಿಂದ ಟಿ.ಬಿ. ಡ್ಯಾಂಗೆ ಹೋಗುವ ರಸ್ತೆಯ ಪಕ್ಕದ ಗ್ಯಾರೇಜಿನ ಅಂಗಳದಲ್ಲಿ ಅವರು ಅಂಥದೇ ಒಂದು ಬೈಕಿನ ಹ್ಯಾಂಡಲ್ ಹಿಡಿದು, ಮೆಲ್ಲಗೆ ಅದನ್ನು ಒಂದು ಮಗ್ಗುಲಿಗೆ ಮಲಗಿಸುತ್ತಾರೆ. ಸುತ್ತ ನಿಂತ ಎಂಟು ಮಂದಿ ಸವಾರರ ಮುಖದಲ್ಲಿ ನೋವು ಕಾಣುತ್ತದೆ. ಸಂಡೂರು ಗುಡ್ಡ, ಕಂಪ್ಲಿ ಗದ್ದೆ, ಹಂಪಿ ಬಂಡೆ ಎಂದು ಎರಡು ದಿನ ಸುತ್ತಲು ದೂರದಿಂದ ಬಂದವರು ಇವರು. ಮೊದಲ ಪಾಠ ಬಿದ್ದ ಬೈಕನ್ನು ಎತ್ತುವುದು. ಒಬ್ಬೊಬ್ಬರೇ ಎತ್ತಬೇಕು.

"ನಾಲ್ಕು ಜನ ಹಿಡಿದ್ರೆ ಸುಲಭ ಆಗುತ್ತೆ ಮೇಡಂ" ಎನ್ನುತ್ತಾರೆ ಒಬ್ಬರು.

"ಗುಡ್ಡದಾಗ ನಾಲ್ಕು ಜನನ್ನ ಎಲ್ಲಿಂದ ತರ್ತೀರಿ ಸರ? ಬೈಕಿಗೆ ಬೆನ್ನು ಕೊಡ್ರಿ. ಸೀಟಿಗೆ ಸೊಂಟ ಹಚ್ರಿ. ಈಗ ಹಿಂದಕ್ಕ ನಡೀರಿ. ಕೈಲೆ ಎತ್ತಬ್ಯಾಡ್ರಿ, ಕಾಲಿಲೆ ಎತ್ರಿ."

ಅಂಗಳದ ಮೂಲೆಯಲ್ಲಿ ಚಹಾ ಹೀರುತ್ತ ನಿಂತ ಹೊನ್ನೂರಪ್ಪ ಕೂಗುತ್ತಾರೆ: "ಏನ್ ಸರ, ಮಾವನ ಮನಿ ಗಡಿಗಿ ಎತ್ತಿದಂಗ ಎತ್ತಾಕ ಹತ್ತೀರಿ! ಒಡಿಯಂಗಿಲ್ಲ ಅದು, ಗಟ್ಟಿ ಹಿಡೀರಿ!" ಸವಾರರು ನಗುತ್ತಾರೆ. ಬೈಕ್ ಏಳುತ್ತದೆ. ಪಂಪಾವತಿ ಅದನ್ನು ಮತ್ತೆ ಮಲಗಿಸಿ ಮುಂದಿನವರನ್ನು ಕರೆಯುತ್ತಾರೆ.

ಪಂಪಾವತಿಗೆ ಈಗ ಮೂವತ್ತೊಂದು ವರ್ಷ. ಊರು ಮಲಪನಗುಡಿ. ತಂದೆ ಪಾಲಯ್ಯ ಕಾಲುವೆಯ ಹೂಳು ತೆಗೆಯುವ ಕೂಲಿಯಾಗಿದ್ದರು. ತಾಯಿ ಬಸಕ್ಕ ನಾಟಿಯ ಕಾಲದಲ್ಲಿ ಹೆಂಗಸರ ಗುಂಪಿನ ಜೊತೆ ಆಟೋ ಹತ್ತಿ ಕಂಪ್ಲಿ ಕಡೆಯ ಗದ್ದೆಗಳಿಗೆ ಈಗಲೂ ಹೋಗುತ್ತಾರೆ. ಮನೆಯ ಮುಂದಿನ ಕೋಣೆಯಲ್ಲಿ ಬುದ್ಧ ಮತ್ತು ಅಂಬೇಡ್ಕರ್ ಪಟಗಳಿವೆ. ಅವುಗಳ ಕೆಳಗೆ ಮೊಳೆಗೆ ಹೆಲ್ಮೆಟ್ ನೇತುಹಾಕಿದೆ. ತಂದೆಯ ಹಳೆಯ ಮೊಪೆಡ್ಡಿನಲ್ಲಿ, ಕಾಲುವೆ ದಂಡೆಯ ಮಣ್ಣು ದಾರಿಯಲ್ಲಿ ಪಂಪಾವತಿ ಓಡಿಸುವುದನ್ನು ಕಲಿತರು. ಒಂದು ಕಡೆ ನೀರು, ಇನ್ನೊಂದು ಕಡೆ ಜಾಲಿ. ತಪ್ಪಿದರೆ ಏನಾಗುತ್ತದೆಂದು ಯಾರೂ ಹೇಳಿಕೊಡಬೇಕಿರಲಿಲ್ಲ.

ಹಾಸ್ಟೆಲಿನಲ್ಲಿದ್ದು ಬಿ.ಎ. ಮುಗಿಸಿದರು. ಪರೀಕ್ಷೆಗಳನ್ನು ಬರೆದರು. ಕೆಲಸ ಸಿಗಲಿಲ್ಲ. ಆಗ ಈ ಗ್ಯಾರೇಜಿನ ಮಾಲೀಕ ಜಂಬುನಾಥ್ ಬಳಿ ಬೈಕ್ ತೊಳೆಯಲು ಸೇರಿದರು. ಜಂಬುನಾಥ್ ದೊಡ್ಡ ಬೈಕುಗಳನ್ನು ಇಟ್ಟುಕೊಂಡು ಸವಾರರ ಗುಂಪುಗಳನ್ನು ಸುತ್ತಾಡಿಸುತ್ತಾರೆ. ತೊಳೆದ ಬೈಕನ್ನು ನೆರಳಿಗೆ ತಳ್ಳಬೇಕಿತ್ತು. ತಳ್ಳುವುದಕ್ಕಿಂತ ಓಡಿಸುವುದು ಸುಲಭ ಎಂದು ಪಂಪಾವತಿ ಕಂಡುಕೊಂಡರು.

"ಮದ್ವಿ ಮಾಡ್ಕೋ ಅಂದ್ರ ಬೈಕ್ ತೊಳ್ಯಾಕ ಹೋದ್ಲು" ಎನ್ನುತ್ತಾರೆ ಬಸಕ್ಕ. "ತೊಳ್ಯಾಕ ಹೋದಾಕಿ ಓಡ್ಸಾಕ ಹತ್ತಿದ್ಲು. ಮುಂದೇನ್ ಮಾಡ್ತಾಳೋ ಏನೋ, ನಾ ಅಂತೂ ಕೇಳಾಕ ಹೋಗಿಲ್ಲ."

ಕಾಲು ಎಟುಕದವರು ಇಂಥ ಬೈಕನ್ನು ಓಡಿಸುವುದು ಹೇಗೆ? ಓಡಿಸುವುದರಲ್ಲಿ ಕಷ್ಟವೇನಿಲ್ಲ. ಕಲ್ಲು, ಮರಳಿನ ದಾರಿಯಲ್ಲಿ ಎಲ್ಲರೂ ಫುಟ್‌ರೆಸ್ಟಿನ ಮೇಲೆ ಎದ್ದು ನಿಂತೇ ಓಡಿಸುತ್ತಾರೆ, ಅಲ್ಲಿ ಎತ್ತರದ ಮಾತೇ ಬರುವುದಿಲ್ಲ. ಕಷ್ಟ ಇರುವುದು ನಿಲ್ಲಿಸುವುದರಲ್ಲಿ. ಪಂಪಾವತಿ ಎಲ್ಲೆಂದರಲ್ಲಿ ನಿಲ್ಲಿಸುವುದಿಲ್ಲ. ಎಡಗಾಲು ಇಡಲು ಏನಾದರೊಂದು ಎತ್ತರ ಬೇಕು: ಮೈಲಿಗಲ್ಲು, ಸೇತುವೆಯ ಕಟ್ಟೆ, ಬಸ್ ಸ್ಟಾಪಿನ ಮೆಟ್ಟಿಲು, ಕೊನೆಗೆ ಒಂದು ಬಂಡೆ. ಹಂಪಿ ಸುತ್ತ ಬಂಡೆಗೇನು ಬರ. ಕಂಪ್ಲಿ ಕಡೆ ನೆಲವೆಲ್ಲ ಸಪಾಟು, ಅಲ್ಲಿ ಕಾಲುವೆಯ ತೂಬುಗಳೇ ಗತಿ. "ಬ್ಯಾರೇದವ್ರು ರಸ್ತೆ ನೋಡ್ತಾರ, ನಾ ರಸ್ತೆ ಮಗ್ಗಲು ನೋಡ್ತೀನಿ" ಎನ್ನುತ್ತಾರೆ. ಯಾವ ಎತ್ತರವೂ ಸಿಗದಿದ್ದರೆ ಒಂದು ಸುತ್ತು ಹಾಕಿ ಮತ್ತೆ ಬರುತ್ತಾರೆ. ಬೈಕ್ ಬೀಳಿಸುವುದಿಲ್ಲ.

ಮೊದಲ ಮೂರು ವರ್ಷ ಅವರದು ಗುಂಪಿನಲ್ಲಿ ಕೊನೆಯ ಬೈಕು. ಬಿದ್ದವರನ್ನು ಎತ್ತುವುದು, ಪಂಕ್ಚರ್ ಹಾಕುವುದು, ಎಲ್ಲರ ದೂಳು ಕುಡಿಯುವುದು. ಕೊನೆಯವರನ್ನು ಯಾರೂ ಫೋಟೊ ತೆಗೆಯುವುದಿಲ್ಲ. ಗ್ಯಾರೇಜಿನ ಆನ್‌ಲೈನ್ ಪುಟದಲ್ಲಿ ಅವರದೆಂದು ಇರುವುದು ಒಂದೇ ಚಿತ್ರ, ಅದರಲ್ಲೂ ಮುಖ ಹೆಲ್ಮೆಟ್ಟಿನೊಳಗಿದೆ. ಕೆಳಗೆ ಯಾರೋ "ಸೂಪರ್ ಸರ್" ಎಂದು ಬರೆದಿದ್ದಾರೆ. ಸವಾರರಲ್ಲಿ ಕೆಲವರು ಚಹಾದ ಹೊತ್ತಿಗೆ ಸುತ್ತಿಬಳಸಿ ಕೇಳುತ್ತಾರೆ, ನೀವು ಯಾವ ಪೈಕಿ ಎಂದು. "ಮುಂದ ಹೋಗೋ ಪೈಕಿ ರೀ" ಎಂದು ಪಂಪಾವತಿ ಲೋಟ ಕೆಳಗಿಡುತ್ತಾರೆ.

ಮುಂದೆ ಹೋಗುವ ಅವಕಾಶ ಬಂದದ್ದು ಕಳೆದ ನವೆಂಬರಿನಲ್ಲಿ. ಗುಂಪು ನಡೆಸುತ್ತಿದ್ದವರು ಕೆಲಸ ಬಿಟ್ಟು ಹೋಗಿದ್ದರು. ಜಂಬುನಾಥ್ ನೇರವಾಗಿ ಹೇಳಿದರು: ಈ ಶನಿವಾರ ನೀನು ಮುಂದೆ ಹೋಗು, ಚೆನ್ನಾಗಿ ನಡೆದರೆ ಸೀಸನ್ ಪೂರ್ತಿ ನೀನೇ. ಕೆಟ್ಟರೆ ಹೊರಗಿನವರನ್ನು ಕರೆಸುತ್ತೇನೆ, ನೀನು ಮತ್ತೆ ಕೊನೆಗೆ. ಕೊನೆಯ ಬೈಕಿಗೆ ಹೊನ್ನೂರಪ್ಪ ಬಂದರು. ಹಿಂದೆ ಗಣಿಗಳಲ್ಲಿ ಟಿಪ್ಪರ್ ಓಡಿಸಿದವರು.

ಆ ಗುಂಪಿನಲ್ಲಿ ಬೆಂಗಳೂರಿನ ಒಬ್ಬ ಗುತ್ತಿಗೆದಾರರಿದ್ದರು. ಅಂಗಳದಲ್ಲೇ ಶುರುಮಾಡಿದರು.

"ಇವ್ರಾ ಲೀಡ್ ಮಾಡೋದು? ಕಾಲೇ ಎಟುಕಲ್ವಲ್ರೀ!"

"ಓಡೋದು ಗಾಲಿ ಸರ, ಕಾಲಲ್ಲ" ಎಂದರು ಪಂಪಾವತಿ.

ಇಂಥ ಸವಾರಿಗೆ ಒಂದು ಕಟ್ಟಳೆ ಇದೆ. ಗುಡ್ಡದಲ್ಲಿ ಫೋನು ಹತ್ತುವುದಿಲ್ಲ, ದೂಳಿನಲ್ಲಿ ಮುಂದಿನ ಬೈಕು ಕಾಣುವುದಿಲ್ಲ. ಆದ್ದರಿಂದ ಪ್ರತಿ ತಿರುವಿನಲ್ಲಿ ಮುಂದಾಳುವಿನ ಹಿಂದಿರುವ ಸವಾರ ನಿಂತುಬಿಡಬೇಕು. ಬರುವವರಿಗೆಲ್ಲ ಕೈ ತೋರಿಸಿ ದಾರಿ ಹೇಳಬೇಕು. ಕೊನೆಯ ಬೈಕು, ಅಂದರೆ ಹೊನ್ನೂರಪ್ಪ, ಬಂದ ಮೇಲೆಯೇ ಅಲ್ಲಿಂದ ಹೊರಡಬೇಕು. ಕಟ್ಟಳೆ ಇಷ್ಟೇ. ಆದರೆ ನಡುವೆ ಒಬ್ಬ ಜಾಗ ಬಿಟ್ಟರೂ ಹಿಂದಿನವರಿಗೆ ದಾರಿಯೇ ಇರುವುದಿಲ್ಲ.

ಆ ಶನಿವಾರ ಸಂಡೂರಿನ ಗುಡ್ಡ ಇಳಿದು ಕುರೆಕುಪ್ಪದ ಹತ್ತಿರ ಬರುವವರೆಗೆ ಎಲ್ಲ ಸರಿಯಾಗಿಯೇ ನಡೆಯುತ್ತದೆ. ಅಲ್ಲಿ ಎಡಕ್ಕೆ ತಿರುಗಿದರೆ ದರೋಜಿ, ಕಂಪ್ಲಿ. ನೇರ ಹೋದರೆ ಅದಿರು ಸಾಗಿಸುವ ಟಿಪ್ಪರುಗಳ ಏರುದಾರಿ. ತಿರುವಿನಲ್ಲಿ ನಿಲ್ಲುವ ಪಾಳಿ ಗುತ್ತಿಗೆದಾರರದು. ಬಿಸಿಲು, ಕೆಂಪು ದೂಳು. ರಸ್ತೆಯ ಆಚೆ ಒಂದು ಚಹಾದಂಗಡಿ. ಕೆಲವು ಬೈಕು ಹೋದದ್ದನ್ನು ನೋಡಿದ ಅವರು ಎಲ್ಲರೂ ಹೋದರೆಂದುಕೊಂಡು ಅಂಗಡಿಯ ನೆರಳಿಗೆ ಹೋಗುತ್ತಾರೆ. ಹೊನ್ನೂರಪ್ಪನನ್ನು ನೋಡಿದ್ದೇನೆಯೇ ಎಂದು ಕೇಳಿಕೊಳ್ಳುವುದಿಲ್ಲ.

ಫೋಟೊ ತೆಗೆಯುತ್ತ ಹಿಂದುಳಿದಿದ್ದ ಪುಣೆಯ ಹಲ್ಲಿನ ಡಾಕ್ಟರು ಆಮೇಲೆ ಅಲ್ಲಿಗೆ ಬರುತ್ತಾರೆ. ತಿರುವಿನಲ್ಲಿ ಯಾರೂ ಇಲ್ಲ. ಯಾರೂ ಇಲ್ಲವೆಂದರೆ ನೇರ ಹೋಗು ಎಂದೇ ಅರ್ಥ. ಗುಂಪನ್ನು ಹಿಡಿಯಲು ಅವರು ವೇಗ ಹೆಚ್ಚಿಸಿ ಏರುದಾರಿ ಹಿಡಿಯುತ್ತಾರೆ. ಸಾಮಾನು ಹೊತ್ತ ಬೈಕಿನಲ್ಲಿ ಹಿಂದೆ ಬರುತ್ತಿದ್ದ ಹೊನ್ನೂರಪ್ಪ ಹಾರ್ನ್ ಹೊಡೆಯುತ್ತ ಬೆನ್ನು ಹತ್ತುತ್ತಾರೆ.

ತಿರುವಿನಿಂದ ಸ್ವಲ್ಪ ಆಚೆ, ಒಂದು ಬೇವಿನ ಕಟ್ಟೆಗೆ ಕಾಲು ಕೊಟ್ಟು ಪಂಪಾವತಿ ಕಾಯುತ್ತಿದ್ದಾರೆ. ಗುತ್ತಿಗೆದಾರರು ಒಬ್ಬರೇ ಬರುತ್ತಾರೆ.

"ಹಿಂದಿನವ್ರು ಎಲ್ಲಿ ಸರ?"

"ಅವರೆಲ್ಲಾ ಆಗಲೇ ಬಂದ್ರಲ್ಲ."

"ಹೊನ್ನೂರಪ್ಪಣ್ಣನ್ನ ನೋಡಿದ್ರಾ?"

ಗುತ್ತಿಗೆದಾರರು ಉತ್ತರ ಕೊಡುವ ಮೊದಲೇ ಪಂಪಾವತಿ ಬೈಕ್ ತಿರುಗಿಸುತ್ತಾರೆ. "ಯಾರೂ ಇಲ್ಲಿಂದ ಅಲುಗಾಡಬ್ಯಾಡ್ರಿ!"

ಏರುದಾರಿಯಲ್ಲಿ ದೂಳು ಏಳದಿರಲೆಂದು ಟ್ಯಾಂಕರು ಆಗಷ್ಟೇ ನೀರು ಬಿಟ್ಟುಹೋಗಿದೆ. ಅದಿರಿನ ದೂಳಿಗೆ ನೀರು ಬಿದ್ದರೆ ಸಾಬೂನಿನಂತೆ ಜಾರುತ್ತದೆ. ಏರಿನಲ್ಲಿ ಇನ್ನೊಂದು ತಿರುವಿದೆ, ಅದಕ್ಕೆ ಸ್ವಲ್ಪ ಮುಂಚೆ ಡಾಕ್ಟರು ಬಿದ್ದಿದ್ದಾರೆ. ಅವರ ಕಾಲು ಬೈಕಿನ ಪಕ್ಕದ ಪೆಟ್ಟಿಗೆಯ ಕೆಳಗೆ ಸಿಕ್ಕಿಕೊಂಡಿದೆ. ಹೊನ್ನೂರಪ್ಪ ಬೈಕಿಗೆ ಬೆನ್ನು ಕೊಟ್ಟು ತಳ್ಳುತ್ತಿದ್ದಾರೆ, ಬೂಟು ಕೆಸರಿನಲ್ಲಿ ಜಾರುತ್ತಿದೆ. ಮುಂದಿನ ಕಥೆಯನ್ನು ಅವರೇ ಹೇಳುತ್ತಾರೆ:

"ಮ್ಯಾಲಿಂದ ಲೋಡ್ ಗಾಡಿ ಇಳಿಯೋ ಸಪ್ಪಳ ಕೇಳ್ತು. ನಾ ಟಿಪ್ಪರ್ ಓಡಿಸಿದವ, ಹಸಿ ರಸ್ತೆದಾಗ ಅದು ಜಲ್ದಿ ನಿಂದ್ರಂಗಿಲ್ಲ ಅಂತ ನನಗ ಗೊತ್ತು. ಡ್ರೈವರ್‌ಗೆ ನಾವು ಕಾಣಂಗಿಲ್ಲ. ಪಂಪಾವತೀ, ಮ್ಯಾಲ ಹೋಗಿ ನಿಂದ್ರಿಸವ್ವಾ ಅಂತ ಒದರಿದೆ. ಆಕಿ ನಿಂದ್ರಲೇ ಇಲ್ಲ, ನಮ್ಮನ್ನ ದಾಟಿ ಹಂಗ ಹೋಗಿಬಿಟ್ಲು."

ತಿರುವಿನ ಆಚೆ ಕಟ್ಟೆ ಇಲ್ಲ, ಕಲ್ಲು ಇಲ್ಲ. ಒಂದು ಸುತ್ತು ಹಾಕಿ ಬರಲು ಸಮಯವಿಲ್ಲ. ಪಂಪಾವತಿ ನಡುರಸ್ತೆಯಲ್ಲಿ ಬ್ರೇಕ್ ಹಾಕಿ, ಬೈಕನ್ನು ಅಡ್ಡಕ್ಕೆ ಕೆಡವಿ ಜಿಗಿಯುತ್ತಾರೆ. ಹೆಲ್ಮೆಟ್ ಬಿಚ್ಚಿ, ಅದನ್ನೇ ಬೀಸುತ್ತ ಟಿಪ್ಪರಿಗೆ ಎದುರಾಗಿ ಓಡುತ್ತಾರೆ. ಟಿಪ್ಪರು ಜಾರುತ್ತ, ಅರಚುತ್ತ ಅವರನ್ನು ದಾಟುತ್ತದೆ. ಅದರ ಮುಂದಿನ ಗಾಲಿ ಬೈಕಿನ ಕನ್ನಡಿಯನ್ನು ಪುಡಿ ಮಾಡಿ ನಿಲ್ಲುತ್ತದೆ.

ಚಾಲಕ ಕಿಟಕಿಯಿಂದ ತಲೆ ಹಾಕುತ್ತಾನೆ: "ಸಾಯಾಕ ನನ್ನ ಗಾಡೀನೇ ಬೇಕಿತ್ತೇನವ್ವಾ?"

"ಸಾಯಾಕ ಬಂದಿಲ್ಲಣ್ಣ, ಕೆಳಗೊಬ್ರು ಬಿದ್ದಾರ. ಇಳಿ, ಎತ್ತಾಕ ಕೈ ಹಚ್ಚು."

ಮೂವರೂ ಸೇರಿ ಡಾಕ್ಟರ ಕಾಲನ್ನು ಬಿಡಿಸುತ್ತಾರೆ. ಹಿಮ್ಮಡಿ ಊದಿಕೊಂಡಿದೆ, ಮೂಳೆ ಮುರಿದಿಲ್ಲ. ಪಂಪಾವತಿಯ ಬೈಕಿನ ಕ್ಲಚ್ ಲಿವರ್ ಅರ್ಧಕ್ಕೆ ಮುರಿದಿದೆ. ಉಳಿದ ಮೋಟು ತುಂಡನ್ನೇ ಎರಡು ಬೆರಳಲ್ಲಿ ಎಳೆಯುತ್ತ ಅವರು ಗುಂಪಿನ ಮುಂದೆ ಹೊರಡುತ್ತಾರೆ. ಕಂಪ್ಲಿ ಹತ್ತಿರ ರೈತರು ರಸ್ತೆಯ ಅರ್ಧಕ್ಕೆ ಭತ್ತ ಒಣಹಾಕಿದ್ದಾರೆ. ಕಾಳಿನ ಮೇಲೆ ಗಾಲಿ ಹತ್ತಿಸಬಾರದೆಂದು ಅಷ್ಟೂ ಜನರನ್ನು ಒಂದೇ ಸಾಲಿನಲ್ಲಿ, ನಡಿಗೆಯ ವೇಗದಲ್ಲಿ ಅಂಚಿನಿಂದ ದಾಟಿಸುತ್ತಾರೆ. ಹೊತ್ತು ಮುಳುಗುವ ಮೊದಲು ಎಲ್ಲರೂ ಹಂಪಿಯಲ್ಲಿದ್ದಾರೆ.

ಮರುದಿನ ಸಂಜೆ ಗ್ಯಾರೇಜಿನ ಅಂಗಳದಲ್ಲಿ ಗುತ್ತಿಗೆದಾರರು ಜಂಬುನಾಥ್ ಎದುರು ನಿಲ್ಲುತ್ತಾರೆ. ಜನವರಿಯಲ್ಲಿ ಹಂಪಿಯಿಂದ ಕರಾವಳಿಗೆ ಹೊರಡುವ ದೊಡ್ಡ ಸವಾರಿಗೆ ಅವರೂ ಅವರ ಗೆಳೆಯರೊಬ್ಬರೂ ಹೆಸರು ಕೊಟ್ಟಿದ್ದಾರೆ. "ಲೀಡರ್ರೇ ಬೈಕ್ ಬೀಳಿಸಿದ್ರೆ ಹೆಂಗ್ರೀ? ಬೇರೆಯವರನ್ನ ಹಾಕಿ. ಇಲ್ಲಾಂದ್ರೆ ನಾವಿಬ್ರೂ ಬರಲ್ಲ."

ಜಂಬುನಾಥ್ ಗ್ರೀಸಿನ ಕೈಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತಾರೆ. ಪಂಪಾವತಿ ಅಲ್ಲೇ ಸಾಮಾನು ಇಳಿಸುತ್ತಿದ್ದಾರೆ, ತಲೆ ಎತ್ತುವುದಿಲ್ಲ.

"ನೀವು ತಿರುವು ಬಿಟ್ರಿ ಸರ, ಈಕಿ ಬೈಕ್ ಬಿಟ್ಲು. ಬೈಕ್ ರಿಪೇರಿ ಮಾಡಾಕ ನನಗ ಬರ್ತೈತಿ. ಮುಂದಿನ ಶನಿವಾರಾನೂ ಪಂಪಾವತೀನೇ ಮುಂದ. ಬರೋದು ಬಿಡೋದು ನಿಮ್ಮಿಷ್ಟ."

ಅಂದಿನಿಂದ ಅವರೇ ಮುಂದೆ. ಅಕ್ಟೋಬರಿನಿಂದ ಫೆಬ್ರುವರಿವರೆಗೆ ಹೆಚ್ಚುಕಡಿಮೆ ಪ್ರತಿ ವಾರ, ದಿನಕ್ಕೆ ಇನ್ನೂರು ಕಿಲೋಮೀಟರಿಗೆ ಕಡಿಮೆಯಿಲ್ಲ. ಬೇಸಿಗೆಯಲ್ಲಿ ಮತ್ತೆ ಗ್ಯಾರೇಜಿನ ಕೆಲಸ. ಇದೀಗ ಅಂಗಳದಲ್ಲಿ ಎಂಟೂ ಮಂದಿ ಬೈಕ್ ಎತ್ತಿ ಮುಗಿಸಿ ಬೆವರು ಒರೆಸಿಕೊಳ್ಳುತ್ತಿದ್ದಾರೆ. ಪಂಪಾವತಿ ಕಡೆಯ ಮಾತು ಹೇಳುತ್ತಾರೆ: "ತಿರುವಿನಾಗ ನಿಂತವ್ರು ಹೊನ್ನೂರಪ್ಪಣ್ಣನ ಮೀಸಿ ಕಾಣೋತನ ಉಚ್ಚಿಗೂ ಹೋಗಂಗಿಲ್ಲ. ಅರ್ಥ ಆತಾ?"

"ಮೀಸಿ ಬೋಳಿಸಿದ್ರ?" ಎನ್ನುತ್ತಾರೆ ಹೊನ್ನೂರಪ್ಪ.

"ಸಾಯೋತನ ಅಲ್ಲೇ ನಿಂದ್ರಲಿ."

ನಗುವಿನ ನಡುವೆ ಎಂಜಿನ್‌ಗಳು ಶುರುವಾಗುತ್ತವೆ. ಆ ನವೆಂಬರಿನ ಬಗ್ಗೆ ಕೇಳಿದರೆ ಪಂಪಾವತಿ ಕೈಗವಸು ಬಿಗಿದುಕೊಳ್ಳುತ್ತ ಹೇಳುತ್ತಾರೆ: "ಎಷ್ಟು ಜನನ್ನ ಕರ್ಕೊಂಡು ಹೋಗಿದ್ನೋ ಅಷ್ಟೂ ಜನನ್ನ ವಾಪಸ್ ತಂದೀನಿ. ಮುಂದ ಹೋಗೋರ ಕೆಲಸ ಅಷ್ಟೇ ರೀ."

ಆ ಸವಾರಿಯಲ್ಲಿ ಹೋದದ್ದು ಇಷ್ಟು: ಒಂದು ಕನ್ನಡಿ, ಒಂದು ಕ್ಲಚ್ ಲಿವರ್, ಇಬ್ಬರು ಗಿರಾಕಿಗಳು.