ಕಾಗದದ ಮೇಲಿನ ಬೆರಳು

ಕೊಡಿಗೇಹಳ್ಳಿಯ ಮುನಿರಾಮಯ್ಯ ತಮಟೆ ಬಡಿದು ಊರಿಗೆ ಸುದ್ದಿ ಸಾರುತ್ತಿದ್ದವರು. ಕೆರೆ ಒಡೆದ ದಿನ ಏರಿಯ ಮೇಲೆ ನಿಂತು ಅವರು ಕೂಗಿದ ಕೂಗಿಗೆ ಕೆಳಗಿನ ಕೇರಿಯೆಲ್ಲ ದನಕರು ಸಮೇತ ದಿಬ್ಬ ಹತ್ತಿತು. ಅವರ ಮಗ ಚಿಕ್ಕಬೈರಪ್ಪ ಬ್ಯಾಟರಾಯನಪುರಕ್ಕೆ ಮೊದಲ ಮೈಕ್‌ಸೆಟ್ ತಂದವರು. ಸದ್ದು ಬಾರದಿದ್ದರೆ ಸ್ಪೀಕರಿನೊಳಗಿನ ಕಾಗದದ ಪೊರೆಯ ಮೇಲೆ ಬೆರಳಿಡುತ್ತಿದ್ದರು. ಕಾಗದ ನಡುಗಿದರೆ ಸ್ಪೀಕರಿನವರೆಗೆ ಎಲ್ಲ ಸರಿ, ದೋಷ ಅದರ ಮುಂದಿದೆ ಎನ್ನುವುದು ಅವರ ಪಾಠ.

ಈ ಮನೆಯ ಕುಡಿ, ಚಿಕ್ಕಬೈರಪ್ಪನವರ ಮಗ ನಾಗಭೂಷಣ. ಮೈಕ್ ಕಟ್ಟಿದ ಆಟೋ ಬೀದಿ ಬೀದಿಯಲ್ಲಿ ಸಾರುವ ಸಾವಿನ ಸುದ್ದಿಯನ್ನು ತನ್ನ ದನಿಯಲ್ಲಿ ಓದಿ, ಅಂಗಡಿಯ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿ ಕೊಡುತ್ತಿದ್ದ. ಆ ಕಂಪ್ಯೂಟರಿಗೆ ಲಿನಕ್ಸ್ ಎಂಬ ತಂತ್ರಾಂಶ ಹಾಕುವುದನ್ನು ಯಾರೂ ಕಲಿಸಲಿಲ್ಲ. ಕೆಡಿಸಿ ಕೆಡಿಸಿ ಕಲಿತ. ಒಮ್ಮೆ ಅಪ್‌ಡೇಟ್ ಆದ ಮೇಲೆ ಸದ್ದು ನಿಂತಾಗ, ಅದು ಸ್ಪೀಕರ್ ಬಿಟ್ಟು ಮಾನಿಟರಿನ ಕಡೆ ಹೋಗುತ್ತಿದೆ ಎಂದು ಅರ್ಧ ಗಂಟೆಯಲ್ಲಿ ಪತ್ತೆ ಹಚ್ಚಿದ್ದ.

೨೦೧೪ರ ಬೇಸಿಗೆಯಲ್ಲಿ ಸದ್ದು ಮತ್ತೆ ಕೈಕೊಟ್ಟಿತು, ಈ ಸಲ ತೀರಾ ಕುಗ್ಗಿ ಕೇಳತೊಡಗಿತು. ಹಳೇ ರೋಗವೇ ಇರಬೇಕೆಂದು ಪರದೆಯ ಮೇಲೆ ಸದ್ದಿನ ಮಟ್ಟ ತೋರಿಸುವ ಮಿಕ್ಸರ್ ತೆರೆದ. ಸದ್ದು ಹೋಗುವ ದಾರಿ ಸರಿಯಿತ್ತು, ಯಾವುದೂ ಮ್ಯೂಟ್ ಆಗಿರಲಿಲ್ಲ. ಸೌಂಡ್ ಕಾರ್ಡ್ ಬದಲಿಸಿದ. ಲಿನಕ್ಸನ್ನೇ ಅಳಿಸಿ ಹೊಸದಾಗಿ ಹಾಕಿದ. ಆದರೂ ಅವನ ದನಿ ಗೋಣಿಚೀಲದೊಳಗಿಂದ ಬಂದಂತೆ ಕೇಳುತ್ತಿತ್ತು. ಕೊನೆಗೆ ಮೈಕಿನ ಮಟ್ಟವನ್ನು ಶೇಕಡಾ ನೂರು ದಾಟಿಸಿಯೇ ರೆಕಾರ್ಡ್ ಮಾಡತೊಡಗಿದ.

ಚಿಕ್ಕಜಾಲದ ಅಂಜನಮ್ಮ ತೀರಿಕೊಂಡಾಗ ಅವನು ಕೊಟ್ಟ ಸುದ್ದಿ ಆಟೋದಲ್ಲಿ ದನಿ ಒಡೆದು ಬರೀ ಕರಕರ ಎಂದಿತು. ಸತ್ತವರು ಯಾರೆಂದೇ ಜನಕ್ಕೆ ತಿಳಿಯಲಿಲ್ಲ. ಮಣ್ಣಿಗೆ ಬರಬೇಕಾದವರಲ್ಲಿ ಅರ್ಧ ಜನ ಬರಲಿಲ್ಲ. ಮಾರನೆಯ ದಿನ ಅಂಜನಮ್ಮನ ಮಗ ಸುರೇಶ್ ಅಂಗಡಿಗೆ ಬಂದ. ಬೈಯಲಿಲ್ಲ. "ನಮ್ಮವ್ವನ ಹೆಸರ್ನ ಕಾಗೆ ಕೂಗ್ದಂಗೆ ಕೂಗ್ಸಿಬಿಟ್ರಲ್ಲಣ್ಣ" ಎಂದಷ್ಟೇ ಹೇಳಿ ಹೊರಟುಹೋದ.

ಕಂಪ್ಯೂಟರ್ ಬಂದ ಮೇಲೆ ಮರೆತಿದ್ದ ಅಪ್ಪನ ಪಾಠ ನಾಗಭೂಷಣನಿಗೆ ಆಗ ನೆನಪಾಯಿತು. ಅದೇ ಸುದ್ದಿ ಹಾಕಿ, ಸ್ಪೀಕರಿನ ಜಾಲರಿ ಕಿತ್ತು, ಕಾಗದದ ಮೇಲೆ ಬೆರಳಿಟ್ಟ. ಕಡಿದ ಹಲ್ಲಿಬಾಲದಂತೆ ಅದು ಬಡಿದುಕೊಳ್ಳುತ್ತಿತ್ತು. ಸ್ಪೀಕರಿನ ಮುಂದೆ ಇದ್ದದ್ದು ಅವನ ಕಿವಿ ಮಾತ್ರ. ಮೂವತ್ತು ವರ್ಷ ಮೈಕ್‌ಸೆಟ್ಟಿನ ಪಕ್ಕ ಕೂತ ಕಿವಿ.

ಬಾಗಿಲಲ್ಲಿ ನಿಂತಿದ್ದ ಮಗಳು ನಯನಾಳಿಗೂ ಅರ್ಥವಾಯಿತು. ಸದ್ದು ಎಷ್ಟಿರಬೇಕೆಂದು ಇನ್ನು ಮೇಲೆ ತಾನು ಪಕ್ಕದಲ್ಲಿ ಕೂತು ಕೇಳಿ ಹೇಳುತ್ತೇನೆ ಎಂದಳು. ಆ ಮಾತನ್ನು ಅವನು ಎರಡು ಸಲ ಹೇಳಿಸಿಕೊಂಡ. ಆಮೇಲೆ ಬೆರಳು ತೆಗೆದ.

"ಬ್ಯಾಡ ಕಣವ್ವ. ಸತ್ತೋರ ಹೆಸರು ಅದು. ಎರವಲು ಕಿವಿ ಇಟ್ಕೊಂಡು ಸಾರೋ ಮನೆತನ ಅಲ್ಲ ನಮ್ದು. ಷಟರ್ ಎಳಿ."